ರಿಪೋರ್ಟ್ ನಾರ್ಮಲ್ ಎಂದು ಸುಮ್ಮನಿರಬೇಡಿ

ಎರಡನೇ ಪಿಯುಸಿ ಹುಡುಗ ಇದ್ದಕ್ಕಿದ್ದಂತೆ ಕಾಲೇಜು ಬಿಡುತ್ತಾನೆ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂರುವುದು. ಅಮ್ಮ ಬಡಿಸಿದ ಅನ್ನವನ್ನು ಮೂಸಿ ನೋಡಿ ತಟ್ಟೆ ಸರಿಸುತ್ತಾನೆ, ಮೊಬೈಲಿನ ಕ್ಯಾಮೆರಾಕ್ಕೆ ಬ್ಯಾಂಡೇಜ್ ಪಟ್ಟಿ ಅಂಟಿಸುತ್ತಾನೆ. ಮನೆಯವರು ಮೊದಲು ಪರೀಕ್ಷೆಯ ಭಯ ಅಂದುಕೊಳ್ಳುತ್ತಾರೆ. ಆಮೇಲೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತಾರೆ. ಕೊನೆಗೆ ಸಾಲ ಮಾಡಿ ತಲೆಗೆ ಎಂಆರ್‌ಐ ಮಾಡಿಸುತ್ತಾರೆ. ರಿಪೋರ್ಟ್ ನಾರ್ಮಲ್ ಬಂದರೆ ಎಲ್ಲರಿಗೂ ಸಮಾಧಾನ. ಆ ಸಮಾಧಾನದಲ್ಲೇ ಇನ್ನೊಂದು ವರ್ಷ ಕಳೆದುಹೋಗುತ್ತದೆ.

ಆಸ್ಪತ್ರೆಯ ಎಂಆರ್‌ಐ ಹುಡುಕುವುದು ಗೆಡ್ಡೆ, ಊತ, ರಕ್ತಸ್ರಾವದಂಥವನ್ನು. ಆದರೆ ಆ ಹುಡುಗನ ವರ್ತನೆ ಸೈಕೋಸಿಸ್‌ನ, ಅಂದರೆ ಇಲ್ಲದ್ದು ಕೇಳುವ, ಅಕಾರಣ ಸಂಶಯ ಕಾಡುವ ಮನೋರೋಗದ ಲಕ್ಷಣವಿರಬಹುದು. ಅದು ಶುರುವಾದವರಲ್ಲಿ ಸಂಶೋಧಕರು ನೋಡುತ್ತಿರುವುದು ಬೇರೆಯೇ: ಮಿದುಳಿನ ಯಾವ ಭಾಗ ಯಾವುದರೊಂದಿಗೆ ತಾಳ ಕೂಡಿಸುತ್ತಿದೆ ಎಂಬುದನ್ನು. ಸುಮ್ಮನೆ ಮಲಗಿದ್ದಾಗಲೂ ಈ ಭಾಗಗಳ ಚಟುವಟಿಕೆ ಜೊತೆಜೊತೆಯಾಗಿ ಏರಿಳಿಯುತ್ತಿರುತ್ತದೆ. ರೋಗಿಗಳಲ್ಲಿ ಮಿದುಳಿನ ಒಳಗಿನ ಥಲಾಮಸ್ ಎಂಬ ಭಾಗಕ್ಕೂ ಹಣೆಯ ಹಿಂದಿನ ಭಾಗಕ್ಕೂ ಇರುವ ಸಂಪರ್ಕ ಸಡಿಲವಾಗಿರುವುದು, ಕೇಳುವ, ಮುಟ್ಟುವ, ಚಲಿಸುವ ಕೆಲಸದ ಭಾಗಗಳೊಂದಿಗೆ ಅದೇ ಥಲಾಮಸ್‌ನ ನಂಟು ವಿಪರೀತವಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. 2015ರಲ್ಲಿ ನ್ಯೂಯಾರ್ಕಿನ ತಂಡವೊಂದು ಮೊದಲ ಸಲ ಕಾಯಿಲೆಗೆ ಬಿದ್ದವರನ್ನು 12 ವಾರಗಳ ಔಷಧೋಪಚಾರದ ಮೊದಲು ಮತ್ತು ನಂತರ ಪರೀಕ್ಷಿಸಿತು. ಇಲ್ಲದ ದನಿ ಕೇಳುವುದು, ಅಕಾರಣ ಸಂಶಯಗಳು ತಗ್ಗಿದಂತೆ, ಸ್ಟ್ರಯೇಟಮ್ ಎಂಬ ಒಳಭಾಗಕ್ಕೂ ಮುಂಭಾಗದ ಮಿದುಳಿಗೂ ಇರುವ ಸಂಪರ್ಕ ಬಲಗೊಂಡಿತ್ತು. ಅಂದರೆ ಕೆಟ್ಟ ತಾಳ ಮತ್ತೆ ಕೂಡಬಲ್ಲದು.

ಆದರೆ ಇವೆಲ್ಲ ಗುಂಪಿನ ಸರಾಸರಿಯ ಮಾತು. ಇಂಥ ಹುಡುಗನಿಗೆ ಕಾಯಿಲೆ ಇದೆ, ಇಂಥವಳಿಗೆ ಇಲ್ಲ ಎಂದು ಹೇಳುವ ಸ್ಕ್ಯಾನ್ ಇವತ್ತು ಯಾವ ಆಸ್ಪತ್ರೆಯಲ್ಲೂ ಇಲ್ಲ. ಇದೆ ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ರೋಗವನ್ನು ಗುರುತಿಸುವುದು ಮನೋವೈದ್ಯರು, ಅದೂ ಮಾತಾಡಿಸಿ, ಮನೆಯವರನ್ನು ವಿಚಾರಿಸಿ.

ಮೊದಲ ಲಕ್ಷಣದಿಂದ ಚಿಕಿತ್ಸೆಯವರೆಗಿನ ಅವಧಿ ಮೂರು ತಿಂಗಳು ಮೀರಬಾರದೆಂಬುದು ಜಾಗತಿಕ ತಜ್ಞರ ಗುರಿ. ಅದು ಉದ್ದವಾದಷ್ಟೂ ಚೇತರಿಕೆ ಕಷ್ಟ. ನಮ್ಮ ದೇಶದಲ್ಲಿ, 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಂಥ ತೀವ್ರ ಕಾಯಿಲೆಯವರಲ್ಲಿ ಸರಿಸುಮಾರು ಮುಕ್ಕಾಲು ಪಾಲು ಜನ ಚಿಕಿತ್ಸೆಯನ್ನೇ ಪಡೆಯುತ್ತಿಲ್ಲ. "ಮದುವೆ ಮಾಡಿದರೆ ಸರಿಹೋಗ್ತಾನೆ" ಎಂಬ ಸಲಹೆಯಂತೂ ಎರಡು ಮನೆಗಳನ್ನು ಒಟ್ಟಿಗೆ ಮುಳುಗಿಸುತ್ತದೆ.

ಹಾಗೆಂದು ಮಂಕಾದ ಪ್ರತಿ ಮಗುವಿಗೂ ಹೆದರಬೇಕಿಲ್ಲ. ನಸುಲಕ್ಷಣಗಳಿಂದ ವೈದ್ಯರ ಬಳಿ ಬಂದವರಲ್ಲಿ ಎರಡು-ಮೂರು ವರ್ಷದೊಳಗೆ ಪೂರ್ಣ ಸೈಕೋಸಿಸ್‌ಗೆ ಜಾರುವವರು ಸುಮಾರು ನಾಲ್ಕೈದು ಮಂದಿಗೆ ಒಬ್ಬರು. ಗಾಂಜಾ ಸೇದುವ ಹುಡುಗರಲ್ಲಿ ಅಪಾಯ ಹೆಚ್ಚು. ಇನ್ನೊಂದು ಮಾತು: ಗುಣವಾಯಿತೆಂದು ತಾವಾಗಿಯೇ ಮಾತ್ರೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವ ಸಂಭವ ಸುಮಾರು ಐದು ಪಟ್ಟು ಎಂದು 1999ರ ಅಧ್ಯಯನವೊಂದು ತೋರಿಸಿತ್ತು.

ದಾರಿ ಗೊತ್ತಿಲ್ಲದ ರಾಜ್ಯ ನಮ್ಮದಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗ ನಡೆದದ್ದೇ ಬಳ್ಳಾರಿಯಲ್ಲಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಚಿಕಿತ್ಸೆ ಕಾಣದ ಸ್ಕಿಜೋಫ್ರೇನಿಯಾ (ದೀರ್ಘಕಾಲದ ಸೈಕೋಸಿಸ್) ರೋಗಿಗಳನ್ನು ನಿಮ್ಹಾನ್ಸ್ ತಂಡ ಹುಡುಕಿ ಉಪಚರಿಸಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. ಆ ಮಂಗಳವಾರ ತಪ್ಪದಂತೆ, ಮಾತ್ರೆ ಖಾಲಿಯಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಪಿಯು ಉಪನ್ಯಾಸಕರಿಗೆ ಈ ಲಕ್ಷಣಗಳ ತಿಳಿವಳಿಕೆ ಕೊಡಿಸುವುದೂ ಅದರದ್ದೇ ಹೊಣೆ.

ಮನೆಯಲ್ಲಿ ಇಂಥ ಬದಲಾವಣೆ ಕಂಡವರು ಸ್ಕ್ಯಾನ್‌ಗೆ ಸಾಲ ಮಾಡುವ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲುರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.