ಮಣ್ಣು ಕೇಳಿದ ಊಸರವಳ್ಳಿ

ದಸರಾ ರಜೆಯಲ್ಲಿ ಮೊಮ್ಮಗಳನ್ನು ಸಿಂಧನೂರಿನಿಂದ ಮಸ್ಕಿ ಹತ್ತಿರದ ನನ್ನ ತಮ್ಮನ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆವು. ಆಗ ಹಸಿರು ಊಸರವಳ್ಳಿಯೊಂದು ತೂಗಾಡುತ್ತಾ, ಒಂದೊಂದೇ ಹೆಜ್ಜೆ ಇಟ್ಟು ಗಿಡದಿಂದ ಕೆಳಗೆ ಇಳಿಯಿತು.

"ತಾತ, ಎಷ್ಟು ದಪ್ಪ ಐತಿ ನೋಡು! ಮನಿಗೆ ಒಯ್ಯೋಣ. ಮೀನಿನ ಗಾಜಿನ ಪೆಟ್ಟಿಗಿ ಖಾಲೀನೇ ಬಿದ್ದೈತಿ."

"ಬ್ಯಾಡವ್ವ. ಆಕಿ ಏನೋ ಕೆಲಸದ ಮ್ಯಾಲ ಹೊಂಟಾಳ" ಅಂದೆ.

ಮಕ್ಕಳೇ, ನಿಮ್ಮಲ್ಲಿ ಹಲವರು ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತವನ್ನೇ ಊಸರವಳ್ಳಿ ಅಂದುಕೊಂಡಿರುತ್ತೀರಿ. ಅದು ಬೇರೆ, ಇದು ಬೇರೆ. ಓತಿಕ್ಯಾತ ಸರ್ರನೆ ಓಡುತ್ತದೆ. ಊಸರವಳ್ಳಿಗೆ ಅವಸರವೇ ಇಲ್ಲ. ಅದರ ಮೈ ಎರಡೂ ಪಕ್ಕದಿಂದ ಒತ್ತಿದ ಎಲೆಯ ಹಾಗೆ ಚಪ್ಪಟೆ. ಬಾಲ ಸುರುಳಿ ಸುತ್ತಿ ಕೊಂಬೆಯನ್ನು ಹಿಡಿಯುತ್ತದೆ. ಬೆರಳುಗಳು ಎರಡು ಒಂದು ಕಡೆ, ಮೂರು ಇನ್ನೊಂದು ಕಡೆ, ಇಕ್ಕಳದ ಹಾಗೆ. ಒಂದು ಕಣ್ಣು ಮುಂದೆ ನೋಡುತ್ತಿದ್ದರೆ ಇನ್ನೊಂದು ಹಿಂದೆ ನೋಡುತ್ತಿರುತ್ತದೆ. ನಮ್ಮ ಹಳೆಯ ಮ್ಯಾನೇಜರರೊಬ್ಬರಿಗೂ ಹಾಗೆಯೇ ಇತ್ತು ಎಂದು ನಾವು ಗುಮಾಸ್ತರು ಮಾತಾಡಿಕೊಳ್ಳುತ್ತಿದ್ದೆವು! ಊಸರವಳ್ಳಿಗೆ ವಿಷ ಇಲ್ಲ. ಹೊಲದಲ್ಲಿ ಕಂಡರೆ ಅಪಶಕುನ ಎಂದು ಕಲ್ಲು ಎತ್ತುವವರಿದ್ದಾರೆ, ಆದರೆ ಅದು ತಿನ್ನುವುದು ಮಿಡತೆ, ಹುಳ ಹುಪ್ಪಟೆಯನ್ನು.

ಮೊಮ್ಮಗಳಿಗೆ ನಾನು ಬೇಡ ಅಂದದ್ದಕ್ಕೆ ಹಳೆಯ ಕಾರಣವೊಂದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲಿಂಗಸುಗೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಹಿತ್ತಲಲ್ಲಿ ಇಂಥದ್ದೇ ದಪ್ಪ ಊಸರವಳ್ಳಿ ಸಿಕ್ಕಿತು. ಮನೆ ಮಾಲೀಕರ ಮಗನೂ ನಾನೂ ಸೇರಿ ಅದನ್ನು ಹಣ್ಣಿನ ಕಟ್ಟಿಗೆ ಪೆಟ್ಟಿಗೆಯಲ್ಲಿ ಇಟ್ಟೆವು. ಒಂದು ಕೊಂಬೆ ನಿಲ್ಲಿಸಿದೆವು, ಬಟ್ಟಲಲ್ಲಿ ನೀರು ಇಟ್ಟೆವು, ದಿನಾ ಮಿಡತೆ ಹಿಡಿದು ಹಾಕಿದೆವು. ಒಂದನ್ನೂ ಮುಟ್ಟಲಿಲ್ಲ. ಹಗಲೂ ರಾತ್ರಿ ಪೆಟ್ಟಿಗೆಯ ತಳವನ್ನು ಕೆರೆಯುತ್ತಿತ್ತು. ನಮ್ಮನ್ನು ಕಂಡು ಹೆದರಿದೆ ಅಂದುಕೊಂಡೆವು. ಕೆಲವು ದಿನಕ್ಕೆ ಸತ್ತುಹೋಯಿತು. ಹೂಳಲು ಕೈಗೆ ಎತ್ತಿಕೊಂಡಾಗ ಹೊಟ್ಟೆಯಲ್ಲಿ ಗೋಲಿಗಳ ಹಾಗೆ ಗಂಟುಗಂಟು ಹತ್ತಿದವು.

ಮರುದಿನ ದನದ ಡಾಕ್ಟರು ಕೌಂಟರಿಗೆ ಬಂದಿದ್ದಾಗ ಕೇಳಿದೆ. "ಮೊಟ್ಟಿ ಇದ್ವು ಸಾಹೇಬ್ರ. ಅದು ಮಣ್ಣು ಕೇಳಾಕತ್ತಿತ್ತು, ನೀವು ಮಿಡತಿ ಕೊಟ್ರಿ" ಅಂದರು. ಆ ದಿನ ಸಂಜೆ ನನ್ನ ಕ್ಯಾಶ್ ಲೆಕ್ಕ ಹೊಂದಲಿಲ್ಲ.

ಅದರ ವಿಚಾರವನ್ನು ಆಮೇಲೆ ಓದಿ ತಿಳಿದುಕೊಂಡೆ. ಗಿಡದ ಮೇಲೆಯೇ ಬದುಕು ಕಳೆಯುವ ಈ ಪ್ರಾಣಿ ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಇಳಿಯಲೇಬೇಕು. ಹದವಾದ ಮಣ್ಣಿನಲ್ಲಿ ತಾನೇ ಗುಂಡಿ ತೋಡಿ, ಹತ್ತರಿಂದ ಮೂವತ್ತರವರೆಗೆ ಮೊಟ್ಟೆ ಇಟ್ಟು, ಮುಚ್ಚಿ, ಮತ್ತೆ ಗಿಡ ಹತ್ತುತ್ತದೆ. ತೋಡಲು ಜಾಗ ಸಿಗದಿದ್ದರೆ ಮೊಟ್ಟೆಗಳು ಹೊಟ್ಟೆಯಲ್ಲೇ ಉಳಿದು ತಾಯಿಯ ಜೀವ ಹೋಗಬಹುದು. ಅಮೆರಿಕ, ಯೂರೋಪುಗಳಲ್ಲಿ ಯೆಮನ್ ಕಡೆಯ ಜಾತಿಯೊಂದನ್ನು ಮನೆಯಲ್ಲಿ ಸಾಕುತ್ತಾರೆ. ಅದರ ನೆತ್ತಿಯ ಮೇಲೆ ಕಿರೀಟದಂಥ ಏಣು. ಗಂಡಿನ ಜೊತೆ ಇಲ್ಲದಿದ್ದರೂ ಆ ಹೆಣ್ಣು ಮೊಟ್ಟೆ ಇಡುತ್ತದೆ, ಕೋಳಿಯ ಹಾಗೆ. ತಿಳಿದವರು ಅದಕ್ಕೆ ಗಾಳಿಯಾಡುವ ಎತ್ತರದ ಜಾಲರಿ ಗೂಡು ಮಾಡಿ ಒಳಗೆ ಗಿಡ ಇಡುತ್ತಾರೆ. ಅದು ಬಟ್ಟಲ ನೀರನ್ನು ಸಾಮಾನ್ಯವಾಗಿ ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನೇ ನೆಕ್ಕುತ್ತದೆ, ಅದಕ್ಕೇ ಎಲೆಗಳಿಗೆ ನೀರು ಚಿಮುಕಿಸುತ್ತಾರೆ. ಮೊಟ್ಟೆ ಇಡುವ ಕಾಲಕ್ಕೆ ಒಂದು ಅಡಿ ಆಳ ಹಸಿ ಮರಳು ತುಂಬಿದ ಡಬ್ಬಿ ಇಟ್ಟು, ಗೂಡಿಗೆ ಬಟ್ಟೆ ಮುಚ್ಚಿ ದೂರ ಹೋಗುತ್ತಾರೆ. ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಅದು ಅರ್ಧ ತೋಡಿದ ಗುಂಡಿ ಬಿಟ್ಟುಬಿಡುತ್ತದೆ.

ನಮ್ಮ ದೇಶದ ಊಸರವಳ್ಳಿಗೆ ಇಷ್ಟೆಲ್ಲಾ ಮಾಡುವ ಹಾಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮನೆಯಲ್ಲಿಟ್ಟು ಸಾಕುವುದು, ಮಾರುವುದು ಅಪರಾಧ. ಕಾಯ್ದೆ ಅಂದಾಗ ನೆನಪಾಯಿತು. ಅಶೋಕನ ಹೆಸರೇ ಕೊರೆದಿರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯ ಮೇಲೆ. ಅದೇ ಅಶೋಕ ಉತ್ತರದ ಕಂಬಗಳ ಮೇಲೆ ಕೊರೆಸಿದ ಇನ್ನೊಂದು ಶಾಸನದಲ್ಲಿ, ಗಬ್ಬವಾದ ಇಲ್ಲವೇ ಮರಿಗೆ ಹಾಲೂಡಿಸುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದೆಂದು ಆಜ್ಞೆ ಮಾಡಿದ್ದಾನೆ.

ಹೊಲದ ಮಾತಿಗೆ ಬರೋಣ. ನಾವು ಬುತ್ತಿ ಎತ್ತಿಕೊಂಡು ದೂರ ಸರಿದು ಕುಳಿತೆವು. ಮಳೆಯಾಗಿ ನಾಲ್ಕು ದಿನವಾಗಿತ್ತು, ನೆಲ ಹದವಾಗಿತ್ತು. ಆಕೆ ಎರಡು ಕಡೆ ಕೆರೆದು ನೋಡಿ ಬಿಟ್ಟಳು. ಮೂರನೆಯ ಜಾಗ ಒಪ್ಪಿಗೆಯಾಯಿತು. ತಲೆ ಒಳಗೆ ಹೋಯಿತು, ಹೊಟ್ಟೆ ಹೋಯಿತು, ಕೊನೆಗೆ ಬಾಲದ ತುದಿ ಮಾತ್ರ ಕಾಣುತ್ತಿತ್ತು.

"ಮಣ್ಣಿನ ಬಣ್ಣ ಯಾಕ ಆಗಲಿಲ್ಲ ತಾತ?" ಎಂದು ಮೊಮ್ಮಗಳು ಪಿಸುಗುಟ್ಟಿದಳು. ಕುಳಿತ ಜಾಗದ ಬಣ್ಣಕ್ಕೆ ತಿರುಗುತ್ತದೆ ಅನ್ನುವುದು ನಾವು ಕಟ್ಟಿದ ಮಾತು. ಬಿಸಿಲು, ಚಳಿ, ಸಿಟ್ಟು, ಹೆದರಿಕೆಗೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ.

ಹೊತ್ತು ಮುಳುಗಿದರೂ ಆಕೆಯ ಕೆಲಸ ಮುಗಿದಿರಲಿಲ್ಲ. ನಾವು ತಮ್ಮನ ಮನೆಗೆ ಬಂದೆವು. ಆಕೆ ಆರಿಸಿಕೊಂಡ ಜಾಗ ಒಡ್ಡಿನ ಮೇಲೆ ಇರಲಿಲ್ಲ, ಹೊಲದ ಒಳಗೇ ಇತ್ತು. ಮರುದಿನ ಕಡಲೆ ಬಿತ್ತನೆಗೆ ಟ್ರ್ಯಾಕ್ಟರ್ ಬರುವುದಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ. ತಮ್ಮ ನಕ್ಕ. "ಅಣ್ಣ, ಬಾಡಿಗಿ ಟ್ರ್ಯಾಕ್ಟರ್, ತಾಸಿನ ಲೆಕ್ಕ. ಊಸರವಳ್ಳಿ ಸಲುವಾಗಿ ಸುತ್ತು ಹಾಕ್ಸಲಾ?" ನಾನು ಲಿಂಗಸುಗೂರಿನ ಪೆಟ್ಟಿಗೆಯ ಸಂಗತಿ ಹೇಳಿದೆ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಏನೂ ಅನ್ನದೆ ಕೈ ತೊಳೆಯಲು ಎದ್ದ.

ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿ ಇತ್ತೆಂಬ ಗುರುತೂ ಇಲ್ಲ, ಮಣ್ಣು ಸಮ ಮಾಡಿದ ಹಾಗಿತ್ತು. ಬೇವಿನ ಕೊಂಬೆಯ ಮೇಲೆ ಆಕೆ ಒಣಗಿದ ಎಲೆಯಷ್ಟು ತೆಳ್ಳಗಾಗಿ ಕುಳಿತಿದ್ದಳು. ತಮ್ಮ ನಮಗಿಂತ ಮೊದಲೇ ಬಂದಿದ್ದ. "ಎಲ್ಲಿ, ಜಾಗ ತೋರ್ಸವ್ವ" ಎಂದು ಮೊಮ್ಮಗಳನ್ನು ಕೇಳಿ, ಸುತ್ತಲೂ ನಾಲ್ಕು ಕಲ್ಲು ನೆಟ್ಟು, ನಾಯಿ ಮುಂಗುಸಿ ಕೆದರದಂತೆ ಜಾಲಿ ಮುಳ್ಳು ಹೊದಿಸಿದ. ಡ್ರೈವರ್ ಗೊಣಗುತ್ತಲೇ ಸುತ್ತು ಹಾಕಿದ.

ಈ ಮೊಟ್ಟೆ ಒಡೆಯಲು ತಿಂಗಳುಗಟ್ಟಲೆ ಬೇಕು. ಬ್ಯಾಂಕಿನ ಅಭ್ಯಾಸ ಬಿಡಬೇಕಲ್ಲ, ಇಟ್ಟ ದಿನವನ್ನು ಡೈರಿಯಲ್ಲಿ ಬರೆದಿದ್ದೇನೆ. ಮುದ್ದತು ಮುಗಿಯುವ ದಿನದ ಮನೆ ಖಾಲಿ ಇದೆ. ಪ್ರತಿ ಭಾನುವಾರ ಮೊಮ್ಮಗಳು ಸಣ್ಣ ತಾತನಿಗೆ ಫೋನ್ ಮಾಡುತ್ತಾಳೆ. ಅವನು ಕಡಲೆಯ ಸುದ್ದಿ ಹೇಳುವ ಮೊದಲೇ ಹೇಳುತ್ತಾನೆ: "ಮುಳ್ಳು ಹಂಗೇ ಐತವ್ವ."