ಮತ್ರಾ ಪತ್ರ – 31: ಭಾಗವತರಿಗೆ ಕನ್ನಡಕ ಆಗ್ತದೆ, ಕಿವಿ ಮೆಷಿನ್ ಯಾಕೆ ಆಗುವುದಿಲ್ಲ?

ಕಳೆದ ಸಲ ಬಿಪಿ ಮಾತ್ರೆ ಬಗ್ಗೆ ಬರೆದಾಗ ತುಂಬ ಜನ ಫೋನ್ ಮಾಡಿದಿರಿ, ಸಂತೋಷ. ಈ ಸಲ ಕಿವಿಯ ವಿಷಯ. ಅದರಲ್ಲೂ ಹಾಡುವವರ, ಬಾರಿಸುವವರ ಕಿವಿ. ಸ್ವಲ್ಪ ಉದ್ದ ಉಂಟು, ಚಾ ಇಟ್ಟುಕೊಂಡು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ನಮ್ಮ ಹವ್ಯಾಸಿ ತಂಡಗಳಲ್ಲಿ ಭಾಗವತರು ದಪ್ಪ ಕನ್ನಡಕ ಹಾಕಿ ಪ್ರಸಂಗ ಪುಸ್ತಕ ನೋಡಿದರೆ ಯಾರಿಗೂ ಏನೂ ಅನಿಸುವುದಿಲ್ಲ. ಅದೇ ಭಾಗವತರು ಕಿವಿಗೆ ಮೆಷಿನ್ ಹಾಕಿ ಕೂತರೆ, "ಪಾಪ, ಕೆಬಿ ಕೇಣುಜಿ, ಇನ್ನು ಅವರಿಂದ ಆಗಲಿಕ್ಕಿಲ್ಲ" ಅನ್ನುತ್ತೇವೆ. ಕಣ್ಣು ಮಂದವಾದರೆ ವಯಸ್ಸು, ಕಿವಿ ಮಂದವಾದರೆ ಅವಮಾನ. ಈ ಭೇದ ಸರಿಯಲ್ಲ. ಇದರಿಂದ ನಾವು ಒಳ್ಳೆಯ ಕಲಾವಿದರನ್ನು ಕಳೆದುಕೊಳ್ಳುತ್ತಾ ಇದ್ದೇವೆ.

ಒಂದು ಉದಾಹರಣೆ ಕೊಡ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಎಂದಿದ್ದಾರೆ. ಮಸ್ಕತ್‌ಗೆ ಬಂದು ಮೂವತ್ತು ವರ್ಷ ದಾಟಿದವರು. ನಮ್ಮ ಕಡೆಯವರೆಲ್ಲ ಅವರನ್ನು ಮಾವ ಅಂತಲೇ ಕರೆಯುವುದು. ಶುಕ್ರವಾರದ ತಾಳಮದ್ದಳೆ ಕೂಟಗಳಲ್ಲಿ ಅವರದ್ದೇ ಭಾಗವತಿಕೆ. ಎರಡು ವರ್ಷದಿಂದ ಅರ್ಥ ಮುಗಿಯುವ ಮೊದಲೇ ಪದ ಎತ್ತುವುದು, ಇಲ್ಲದಿದ್ದರೆ ಮುಗಿದ ಮೇಲೂ ಸುಮ್ಮನೆ ಕೂರುವುದು ಶುರುವಾಯಿತು. ಕೆಲವರು ಅಹಂಕಾರ ಅಂದರು, ಕೆಲವರು ಮರೆವು ಅಂದರು. ಎದುರು ನಿಂತು ಯಾರೂ ಕೇಳಲಿಲ್ಲ. ಒಂದು ದಿನ ವಾಟ್ಸಾಪ್‌ನಲ್ಲಿ ಬಂದ ಕಲಾವಿದರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಅಲ್ಲಿಂದ ಅವರು ಕೂಟಕ್ಕೇ ಬರುವುದು ನಿಲ್ಲಿಸಿದರು. ಅತ್ತೆ ಅವರನ್ನು ಕರೆದುಕೊಂಡು ನಮ್ಮ ಕ್ಲಿನಿಕ್‌ಗೆ ಬಂದದ್ದು ಮರೆವಿನ ಪರೀಕ್ಷೆ ಮಾಡಿಸಲಿಕ್ಕೆ. ಮರೆವು ಏನೂ ಇರಲಿಲ್ಲ. ಕಿವಿ ಕೇಳುತ್ತಿರಲಿಲ್ಲ, ಅಷ್ಟೇ.

ಇದು ಹೊಸ ಕಥೆಯೂ ಅಲ್ಲ. ಜರ್ಮನಿಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ್ದ ಸಂಗೀತಗಾರ ಬೀಥೋವನ್ 1802ರಲ್ಲಿ ತಮ್ಮಂದಿರಿಗೆ ಒಂದು ಪತ್ರ ಬರೆದಿಟ್ಟಿದ್ದ. ಜನ ನನ್ನನ್ನು ಸಿಡುಕ, ಜನ ಸೇರದವನು ಅಂದುಕೊಂಡಿದ್ದಾರೆ, ಆದರೆ "ಗಟ್ಟಿ ಮಾತಾಡಿ, ನನಗೆ ಕೇಳುವುದಿಲ್ಲ" ಎಂದು ಹೇಳಲು ನನ್ನಿಂದ ಆಗುವುದಿಲ್ಲ ಎಂಬುದು ಅದರ ಸಾರ. ಆಗ ಅವನಿಗೆ 31 ವರ್ಷ. ಬೇರೆ ಯಾರಿಗಿಂತ ಚೆನ್ನಾಗಿ ಕೇಳಬೇಕಾದವನಿಗೇ ಹೀಗಾಯಿತಲ್ಲ ಎಂಬ ನಾಚಿಕೆ. ಇನ್ನೂರು ವರ್ಷ ಕಳೆದರೂ ಆ ನಾಚಿಕೆ ನಮ್ಮ ಚೌಕಿಯಲ್ಲಿ ಹಾಗೆಯೇ ಕೂತಿದೆ.

ಈಗ ಕಿವಿಯ ಒಳಗೆ ಏನಾಗ್ತದೆ ಅಂತ ಸರಳವಾಗಿ ಹೇಳ್ತೇನೆ. ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಭಾಗ ಉಂಟು. ಅದರಲ್ಲಿ ಸುಮಾರು 15 ಸಾವಿರ ಸಣ್ಣ ಕೂದಲಿನಂಥ ಕೋಶಗಳು. ಜೋರು ಸದ್ದಿಗೆ ಅವು ಬಳಲುತ್ತವೆ, ಪದೇ ಪದೇ ಆದರೆ ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಸದ್ದಿನಿಂದ ಆಗುವ ಹಾನಿ ಮೊದಲು ಕಾಣುವುದು ಎತ್ತರದ ಸ್ವರಗಳಲ್ಲಿ, 4000 ಹರ್ಟ್ಸ್ ಆಸುಪಾಸಿನಲ್ಲಿ. ಹಾಗಾಗಿ ಮಾತು ಕೇಳ್ತದೆ, ಆದರೆ ಸ, ಶ, ತ, ಕ ಇಂಥ ಅಕ್ಷರಗಳು ಸ್ಪಷ್ಟ ಆಗುವುದಿಲ್ಲ. "ಕೇಳ್ತದೆ, ಆದರೆ ಏನು ಅಂತ ಗೊತ್ತಾಗುವುದಿಲ್ಲ" ಎನ್ನುವವರ ತೊಂದರೆ ಇದೇ. ತಾಳಮದ್ದಳೆಯಲ್ಲಿ ಎದುರಾಳಿ ಹೇಳಿದ ಕೊನೆಯ ಮಾತನ್ನು ಹಿಡಿದೇ ಉತ್ತರ ಕೊಡಬೇಕಲ್ಲವಾ? ಅರ್ಧ ಅಕ್ಷರ ಬಿಟ್ಟುಹೋದರೆ ಅರ್ಥಧಾರಿಯ ಗತಿ ಏನು? ಚೆಂಡೆಯ ನಡುವೆ ಶ್ರುತಿ ಪೆಟ್ಟಿಗೆಯನ್ನು ಹುಡುಕಬೇಕಾದ ಭಾಗವತರ ಗತಿ ಏನು?

ಸದ್ದಿಗೆ ಒಂದು ಲೆಕ್ಕ ಉಂಟು. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಯೋಷ್ ಸಂಸ್ಥೆ ಹೇಳುವುದು, 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ. ಮೇಲೆ ಪ್ರತಿ 3 ಡೆಸಿಬೆಲ್‌ಗೂ ಸಮಯ ಅರ್ಧ ಆಗ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಂಗೀತ ಕಾರ್ಯಕ್ರಮಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ದಾಟಬಾರದು ಅಂದಿದೆ. ಚೆಂಡೆಯ ಪಕ್ಕ ಎಷ್ಟು ಬರ್ತದೆ ಎಂದು ಫೋನಿನ ಆ್ಯಪ್‌ನಲ್ಲಿ ನೀವೇ ನೋಡಿ, ಅಂದಾಜಿಗೆ ಸಾಕು.

ಗಲ್ಫ್‌ನಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಯಕ್ಷಗಾನ ಅಂದರೆ ಬಯಲಾಟ. ಚೆಂಡೆ ಬಯಲಿಗಾಗಿ ಇರುವ ವಾದ್ಯ, ಗದ್ದೆಯಾಚೆ ಇರುವವರಿಗೂ ಕೇಳಬೇಕು. ಇಲ್ಲಿನ ಒಮಾನಿಗಳ ರಹ್ಮಾನಿ, ಕಾಸಿರ್ ಡೋಲುಗಳನ್ನೂ ಬಯಲಿನಲ್ಲಿ ನಿಂತು ಬಾರಿಸುವುದನ್ನು ನೋಡಿದ್ದೇನೆ. ನಾವು ಮಾತ್ರ ಚೆಂಡೆಯನ್ನು ಮತ್ರಾದ, ರೂವಿಯ ಫ್ಲಾಟಿನೊಳಗೆ ತಂದೆವು. ನೆಲಕ್ಕೆ ಟೈಲ್ಸ್, ಗೋಡೆ ಕಾಂಕ್ರೀಟು, ಪಕ್ಕದವರು ಬೈಯುತ್ತಾರೆಂದು ಕಿಟಕಿ ಬಂದ್, ಏಸಿ ಆನ್. ಬಯಲಿನಲ್ಲಿ ಹೊರಟುಹೋಗುವ ಸದ್ದು ಇಲ್ಲಿ ಗೋಡೆಗೆ ಬಡಿದು ತಿರುಗಿ ಕಿವಿಗೇ ಬರ್ತದೆ. ಮೂರು ಗಂಟೆ ಅಭ್ಯಾಸ ಮುಗಿಸಿ ಕೆಳಗೆ ಇಳಿಯುವಾಗ ಕಿವಿಯಲ್ಲಿ ಗುಂಯ್ ಅಂದರೆ ಅದು ಎಚ್ಚರಿಕೆ. ಹತ್ತಿ ಇಟ್ಟರೆ ಸಾಲದು. ಸಂಗೀತಗಾರರಿಗೆಂದೇ ಇಯರ್ ಪ್ಲಗ್ ಸಿಗ್ತದೆ. ಅದು ಸ್ವರದ ರೂಪ ಕೆಡಿಸದೆ ಒಟ್ಟು ಸದ್ದನ್ನು ತಗ್ಗಿಸ್ತದೆ. ಚಾಪೆ, ಪರದೆ ಹಾಕಿ, ಚೆಂಡೆಯವರನ್ನು ಸ್ವಲ್ಪ ದೂರ ಕೂರಿಸಿ, ಗಂಟೆಗೊಮ್ಮೆ ಕಿವಿಗೆ ವಿಶ್ರಾಂತಿ ಕೊಡಿ.

ಇನ್ನು ಮೆಷಿನ್ ವಿಷಯ. ಮಾವ ರಜೆಗೆ ಊರಿಗೆ ಹೋದಾಗ ಒಂದು ಅಂಗಡಿಯಲ್ಲಿ ಮೆಷಿನ್ ತೆಗೆದುಕೊಂಡರು. ಮನೆ ಮಾತು, ಟಿವಿ, ಫೋನು ಎಲ್ಲ ಚೆನ್ನಾಗಿ ಕೇಳಿತು. ಹಾಡಲು ಕೂತರೆ ಮಾತ್ರ ಶ್ರುತಿ ನೀರಿನಲ್ಲಿ ಅಲುಗಾಡಿದ ಹಾಗೆ, ತಮ್ಮ ಸ್ವರ ಕೊಡಪಾನದೊಳಗಿಂದ ಬಂದ ಹಾಗೆ. ಹತ್ತು ದಿನದಲ್ಲಿ ಮೆಷಿನ್ ಮೇಜಿನ ಡ್ರಾಯರ್ ಸೇರಿತು. ಮಾರಾಯ್ರೇ, ಇದು ಮೆಷಿನ್ ಹಾಳಾದದ್ದೂ ಅಲ್ಲ, ಮಾವನ ಹಟವೂ ಅಲ್ಲ. "ನೀವು ಹಾಡ್ತೀರಾ?" ಎಂಬ ಒಂದು ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಕಿವಿ ಮೆಷಿನ್ ಮಾಡಿರುವುದೇ ಮಾತಿಗಾಗಿ. ಅದು ಸಣ್ಣ ಸದ್ದನ್ನು ದೊಡ್ಡದು ಮಾಡ್ತದೆ, ದೊಡ್ಡದನ್ನು ಅದುಮುತ್ತದೆ. ಮದ್ದಳೆಯ ಮೆಲು ಪೆಟ್ಟು, ಗಟ್ಟಿ ಪೆಟ್ಟು ಎರಡೂ ಹತ್ತಿರ ಹತ್ತಿರ ಒಂದೇ ಆಗಿಬಿಡ್ತದೆ. ಒಂದೇ ಸಮನೆ ಬರುವ ಶ್ರುತಿಯನ್ನು ಫ್ಯಾನಿನ ಸದ್ದೆಂದು ತಿಳಿದು ತೆಗೆಯಲು ನೋಡ್ತದೆ. ಉದ್ದಕ್ಕೆ ಎಳೆದ ಆಲಾಪವನ್ನು ತನ್ನದೇ ಸಿಳ್ಳೆ ಅಂದುಕೊಂಡು ಕತ್ತರಿಸಲು ಹೋಗ್ತದೆ. ಮೈಕ್ ಮುಂದಿನವರ ಕಡೆಗೇ ತಿರುಗಿರ್ತದೆ, ಆದರೆ ಮದ್ದಳೆ ಕೂತಿರುವುದು ಪಕ್ಕದಲ್ಲಿ. ಚೆಂಡೆಯ ಸದ್ದು ಕೆಲವು ಮೆಷಿನ್‌ಗಳ ಮೈಕ್ ತಾಳುವ ಮಿತಿಯನ್ನೇ ದಾಟಿ ಒಡೆದು ಕೇಳ್ತದೆ.

ಇದಕ್ಕೆ ದಾರಿ ಉಂಟು. ಇಂದಿನ ಡಿಜಿಟಲ್ ಮೆಷಿನ್‌ಗಳಲ್ಲಿ ಬಹುತೇಕ ಒಂದಕ್ಕಿಂತ ಹೆಚ್ಚು ಪ್ರೋಗ್ರಾಂ ಇಡಬಹುದು. ಒಂದು ಮಾತಿಗೆ, ಒಂದು ಸಂಗೀತಕ್ಕೆ. ಸಂಗೀತದ್ದರಲ್ಲಿ ಗದ್ದಲ ತೆಗೆಯುವುದನ್ನು ನಿಲ್ಲಿಸಬೇಕು, ಸಿಳ್ಳೆ ತಡೆಯುವುದನ್ನು ಕಮ್ಮಿ ಮಾಡಬೇಕು, ಅದುಮುವುದನ್ನು ಹಗುರ ಮಾಡಬೇಕು, ಮೈಕ್ ಎಲ್ಲ ಕಡೆಯಿಂದ ಕೇಳುವಂತೆ ಇಡಬೇಕು. ಜೋರು ಸದ್ದು ತಾಳುವ ಮಾದರಿಗಳೂ ಇವೆ, ಕೊಳ್ಳುವ ಮೊದಲೇ ಕೇಳಿ. ಕೊಡಪಾನದ ಸ್ವರಕ್ಕೆ, ಕಿವಿ ಪೂರ್ತಿ ಮುಚ್ಚದ ತುದಿ ಹಾಕಬಹುದಾ ಎಂದು ನೋಡ್ತಾರೆ. ಇದೆಲ್ಲ ಮಾಡುವವರು ಆಡಿಯಾಲಜಿಸ್ಟ್. ನಾನು ನರ್ಸ್, ಆ ಕೆಲಸ ನನ್ನದಲ್ಲ. ನಾನು ಹೇಳುವುದು ಇಷ್ಟೇ: ಹೋಗುವಾಗ ಶ್ರುತಿ ಪೆಟ್ಟಿಗೆ, ಜಾಗಟೆ ಹಿಡಿದುಕೊಂಡು ಹೋಗಿ. ಅಲ್ಲಿಯೇ ಎರಡು ಸಾಲು ಹಾಡಿ ತೋರಿಸಿ. ಒಂದೇ ಸಲಕ್ಕೆ ಸರಿಯಾಗುವುದಿಲ್ಲ, ಎರಡು ಮೂರು ಸಲ ಹೋಗಬೇಕು. ಮಿದುಳಿಗೂ ಅಭ್ಯಾಸ ಆಗಲು ಕೆಲವು ವಾರ ಬೇಕು. ಮುಂಡಾಸು ಮೆಷಿನ್‌ನ ಮೇಲೆ ಬಂದರೆ ಬಟ್ಟೆ ಉಜ್ಜುವ ಸದ್ದು ಕೇಳ್ತದೆ, ಸ್ವಲ್ಪ ಮೇಲೆ ಕಟ್ಟಿ. ಬೆವರು, ಇಲ್ಲಿನ ಸೆಕೆ ಎರಡೂ ಮೆಷಿನ್‌ಗೆ ಶತ್ರು. ರಾತ್ರಿ ತೇವ ಹೀರುವ ಡಬ್ಬಿಯಲ್ಲಿಡಿ.

"ಮೆಷಿನ್ ಹಾಕಿದರೆ ಮೊದಲಿನ ಹಾಗೆ ಹಾಡಲಿಕ್ಕೆ ಆಗ್ತದಾ?" ಅಂತ ಕೇಳಿದರೆ, ಎಲ್ಲರಿಗೂ ಆಗುವುದಿಲ್ಲ. ಸುಳ್ಳು ಆಸೆ ಕೊಡುವುದಿಲ್ಲ. ಮೆಷಿನ್ ಸತ್ತ ಕೋಶವನ್ನು ಬದುಕಿಸುವುದಿಲ್ಲ. ತುಂಬ ಹಾನಿಯಾದ ಕಿವಿಗೆ ಶ್ರುತಿ ಹಿಡಿಯುವುದು ಕಷ್ಟವೇ. ಮಾವನೂ ಯುದ್ಧದ ಏರು ಪದಗಳನ್ನು ಈಗ ಹುಡುಗರಿಗೆ ಬಿಟ್ಟಿದ್ದಾರೆ, ನಿಧಾನದ ಪದಗಳನ್ನು ಅವರೇ ಹೇಳ್ತಾರೆ. ಅರ್ಥಧಾರಿಗಳು ಮಾತು ಮುಗಿಸುವಾಗ ಅವರ ಕಡೆ ತಿರುಗಿ ಕೈಸನ್ನೆ ಮಾಡ್ತಾರೆ. ಇದಕ್ಕೆ ದುಡ್ಡು ಖರ್ಚಾಗಲಿಲ್ಲ. ಪ್ರೇಕ್ಷಕರಿಗೆ ಗೊತ್ತೂ ಆಗಲಿಲ್ಲ. ಹವ್ಯಾಸಿ ತಂಡ ಅಂದರೆ ಇಷ್ಟು ಹೊಂದಾಣಿಕೆ ಬೇಡವಾ? ನಾವೇನು ಟಿಕೆಟ್ ಮಾರುತ್ತೇವಾ?

ದುಡ್ಡಿನ ಪ್ರಶ್ನೆ ದೊಡ್ಡದು, ಒಪ್ಪುತ್ತೇನೆ. ಇಲ್ಲಿ ಎಷ್ಟೋ ಇನ್ಶೂರೆನ್ಸ್ ಕಾರ್ಡ್‌ಗಳಲ್ಲಿ ಕಿವಿ ಮೆಷಿನ್ ಸೇರಿರುವುದಿಲ್ಲ. ಊರಿನವರಿಗೆ ಮಂಗಳೂರಿನ ಫಾದರ್ ಮುಲ್ಲರ್‌ನಲ್ಲಿ ವಾಕ್ ಮತ್ತು ಶ್ರವಣ ಕಾಲೇಜು ಉಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಆದಾಯ ಕಮ್ಮಿ ಇರುವವರು ಅಡಿಪ್ ಯೋಜನೆ ಬಗ್ಗೆ ವಿಚಾರಿಸಿ. ಜಾಹೀರಾತು ನೋಡಿ ಆನ್‌ಲೈನ್‌ನಲ್ಲಿ ಸದ್ದು ಹೆಚ್ಚಿಸುವ ಡಬ್ಬಿ ತರಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ, ಕೆಲವರಿಗೆ ಬರೀ ಕಿವಿಯ ಗುಗ್ಗೆ ಕಟ್ಟಿರ್ತದೆ. ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಊರಿನ ಯುವಕ ಮಂಡಲದವರಿಗೆ, ಭಜನಾ ಮಂಡಳಿಯವರಿಗೆ, ಇಲ್ಲಿನ ನಮ್ಮ ಕೂಟದವರಿಗೆ ನನ್ನದೊಂದು ಬೇಡಿಕೆ. ವರ್ಷಕ್ಕೊಮ್ಮೆ ಹಿರಿಯ ಕಲಾವಿದರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಡ್ತೀರಿ. ಕೊಡಿ, ಬೇಡ ಅನ್ನುವುದಿಲ್ಲ. ಅದರ ಜೊತೆ ಹಿಮ್ಮೇಳದ ಎಲ್ಲರಿಗೂ ಕಿವಿ ಪರೀಕ್ಷೆ ಮಾಡಿಸಿ. ಹಿರಿಯರಿಗೆ ಮಾತ್ರ ಅಲ್ಲ, ಚೆಂಡೆ ಕಲಿಯಲು ಬರುವ ಹುಡುಗರಿಗೂ. ನೋವಿಲ್ಲ, ಸೂಜಿ ಇಲ್ಲ, ಒಬ್ಬರಿಗೆ ಅರ್ಧ ಗಂಟೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಪುರುಸೊತ್ತು ಇರ್ತದೆ, ಆಗಲೇ ಮಾಡಿಸಿ. ಯಾರನ್ನಾದರೂ ಪಟ್ಟಿಯಿಂದ ತೆಗೆಯುವ ಮೊದಲು ಅವರ ಹತ್ತಿರ ಕೂತು, "ಮಾವ, ಕೇಳ್ತಾ ಉಂಟಾ?" ಅಂತ ಒಮ್ಮೆ ಕೇಳಿ.

ನಿಮ್ಮ ತಂಡದಲ್ಲಿ ಇಂಥವರು ಇದ್ದರೆ ಅವರ ಹೆಸರು ಕಮೆಂಟಿನಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ರಾತ್ರಿ ಡ್ಯೂಟಿ ಮುಗಿದ ಮೇಲೆ ಉತ್ತರ ಕೊಡ್ತೇನೆ.