ಖರ್ಚು ಮಾಲೀಕನದು, ಮುರಿತ ಕೂಲಿಯವನಿಗೆ!

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಅರ್ಥ ತಿಳಿಯಬೇಕಾದರೆ ಪರದೇಶಕ್ಕೆ ದುಡಿಯಲು ಹೋದ ನಮ್ಮ ಹುಡುಗರ ಸಂಬಳದ ಚೀಟಿಯನ್ನು ನೋಡಬೇಕು.

2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಗಣಿ ಪ್ರದೇಶದ ಶ್ರಮಜೀವಿಗೆ ಊರಿನಲ್ಲಿ ಕೂಲಿಯಿಲ್ಲ. ಸಾವಿರಾರು ಮಂದಿ ಮಾರಿಕುಪ್ಪಂನಲ್ಲಿ, ಬಂಗಾರಪೇಟೆಯಲ್ಲಿ ರೈಲು ಹತ್ತಿ ದಿನವೂ ಬೆಂಗಳೂರಿಗೆ ಹೋಗಿ ಬರುತ್ತಾರೆ. ಕೆಲವರು ಸಾಲ ಮಾಡಿ ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಹೋಗುವವನಿಗೆ ದಲ್ಲಾಳಿ ಹೇಳುವ ಮಾತು ಒಂದೇ: "ಅಲ್ಲಿ ತೆರಿಗೆಯೇ ಇಲ್ಲಪ್ಪ, ಬಂದದ್ದೆಲ್ಲ ನಿನ್ನದೇ!"

ಮಾತಿನಲ್ಲಿ ಅರ್ಧ ನಿಜವಿದೆ. ದುಬೈ, ಸೌದಿ, ಕುವೈತ್, ಕತಾರ್‌ಗಳಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ. ಕೆಲಸಕ್ಕೆಂದು ಹೋಗಿ ಆ ವರ್ಷದಲ್ಲಿ 182 ದಿನಕ್ಕಿಂತ ಕಡಮೆ ಭಾರತದಲ್ಲಿದ್ದವನು ಅಲ್ಲಿ ಗಳಿಸಿದ ಸಂಬಳಕ್ಕೆ ಇಲ್ಲಿಯೂ ತೆರಿಗೆಯಿಲ್ಲ. ಆದರೆ ತೆರಿಗೆಯಿಲ್ಲ ಎಂದ ಮಾತ್ರಕ್ಕೆ ಮುರಿತವಿಲ್ಲ ಎಂದು ಅರ್ಥವೇ? ವೀಸಾ ಖರ್ಚು, ಪರವಾನಗಿ ಖರ್ಚು, ಕರೆತಂದ ಖರ್ಚು ಎಂದು ತಿಂಗಳು ತಿಂಗಳೂ ಮುರಿದುಕೊಂಡರೆ ಅದಕ್ಕೆ ತೆರಿಗೆ ಎಂಬ ಹೆಸರಿಲ್ಲದಿದ್ದರೇನು, ಜೇಬು ಖಾಲಿಯಾಗುವುದಿಲ್ಲವೇ?

ಈ ಖರ್ಚು ಯಾರದು? ಕಾನೂನನ್ನೇ ಕೇಳೋಣ. ದುಬೈ ಸೇರಿದ ಅರಬ್ ಸಂಯುಕ್ತ ಸಂಸ್ಥಾನದ 2021ರ 33ನೇ ಕಾನೂನು, ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಕೂಡದು ಎನ್ನುತ್ತದೆ. ಎಲ್ಲ ಮುರಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಕೂಡದು ಎನ್ನುತ್ತದೆ. ಸೌದಿ ಕಾರ್ಮಿಕ ಕಾನೂನಿನ 40ನೇ ಕಲಮು ವಾಸದ ಪರವಾನಗಿ, ಕೆಲಸದ ಪರವಾನಗಿಗಳ ಶುಲ್ಕವನ್ನು ಮಾಲೀಕನ ಮೇಲೆ ಹೊರಿಸಿದೆ. ಸಿಂಗಪುರದಲ್ಲಿ ವಿದೇಶಿ ಕೆಲಸಗಾರನಿಗಾಗಿ ಕಟ್ಟುವ ಲೆವಿ ಮಾಲೀಕನದೇ. ನಮ್ಮ ದೇಶದಲ್ಲಿಯೂ 1983ರ ವಲಸೆ ಕಾನೂನಿನ ನಿಯಮದಂತೆ ನೋಂದಾಯಿತ ಏಜೆಂಟು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಮಿಕ್ಕದ್ದು ಸುಲಿಗೆ.

ಇನ್ನೊಂದು ಕೈಚಳಕವುಂಟು. ಸಂಬಳ 1,500 ದಿರ್ಹಂ ಎನ್ನುತ್ತಾರೆ. ಚೀಟಿಯಲ್ಲಿ ಮೂಲ ವೇತನ 900, ಮಿಕ್ಕ 600 ಭತ್ಯೆ ಎಂದು ಬರೆಯುತ್ತಾರೆ. ಕೈಗೆ ಬರುವುದು ಅಷ್ಟೇ ಅಲ್ಲವೇ ಎನ್ನಬೇಡಿ. ಅಲ್ಲಿ ಮೊದಲ ಐದು ವರ್ಷಗಳಿಗೆ ಗ್ರಾಚ್ಯುಟಿ ವರ್ಷಕ್ಕೆ 21 ದಿನದ ಮೂಲ ವೇತನ. 1,500ರ ಮೇಲಾದರೆ 1,050 ಬರಬೇಕಾದದ್ದು 900ರ ಮೇಲೆ 630ಕ್ಕೆ ಇಳಿಯುತ್ತದೆ. ಐದು ವರ್ಷಕ್ಕೆ 2,100 ದಿರ್ಹಂ ಮಾಯ! ಆದ್ದರಿಂದ ವಿಮಾನ ಹತ್ತುವ ಮೊದಲೇ ಕರಾರಿನಲ್ಲಿ ಮೂಲ ವೇತನವೆಷ್ಟೆಂದು ನೋಡಿ.

ಬೆಂಗಳೂರಿನ ರೈಲು ಹತ್ತುವ ಬಂಧುಗಳಿಗೂ ಇದೇ ಮಾತು. ಇ.ಎಸ್.ಐ.ಗೆ ನಿಮ್ಮ ಪಾಲು ನೂರಕ್ಕೆ ಮುಕ್ಕಾಲು, ಮಾಲೀಕನದು ಮೂರೂಕಾಲು. ಭವಿಷ್ಯನಿಧಿಗೆ ಸಾಮಾನ್ಯವಾಗಿ ನಿಮ್ಮದು ಹನ್ನೆರಡು, ಮಾಲೀಕನದೂ ಹನ್ನೆರಡು. ಗುತ್ತಿಗೆದಾರನು ಎರಡು ಪಾಲನ್ನೂ ನಿಮ್ಮಿಂದಲೇ ಮುರಿದರೆ ಅದು ಕಳ್ಳತನ. ಮುರಿದದ್ದು ನಿಮ್ಮ ಖಾತೆಗೆ ಕಟ್ಟಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಸಣ್ಣ ವ್ಯಾಪಾರಿಗಳೇ, ಇದು ಕೂಲಿಯವರ ಗೋಳು ಮಾತ್ರವೆಂದು ತಿಳಿಯಬೇಡಿ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಯ ಅಂಗಡಿಗಳ ಉದ್ರಿ ಲೆಕ್ಕ ತೀರುವುದು ಇದೇ ಸಂಬಳದಿಂದ. ಅಲ್ಲಿ ಮುರಿದ ಒಂದೊಂದು ದಿರ್ಹಮೂ ನಿಮ್ಮ ಗಲ್ಲಾಪೆಟ್ಟಿಗೆಗೆ ಬಾರದ ಹಣ.

1930ರಲ್ಲಿ ಇದೇ ಗಣಿಯ ಕೂಲಿಗಾರರು ಕಂಪೆನಿಯ ಬೆರಳಚ್ಚು ದಾಖಲೆಯನ್ನು ಧಿಕ್ಕರಿಸಿ ಮುಷ್ಕರ ಹೂಡಿದರು. ಓದು ಬಾರದವರು ಅಂದು ಕೈ ಹಿಂದೆ ತೆಗೆದರು; ಓದು ಬಲ್ಲ ಮೊಮ್ಮಕ್ಕಳು ಇಂದು ಓದದೆ ರುಜು ಹಾಕುವುದೇ?

ಸರ್ಕಾರವು ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕು ಕಚೇರಿಗಳಲ್ಲಿ ಕರಾರುಗಳನ್ನು ಓದಿ, ಕನ್ನಡ, ತಮಿಳು, ತೆಲುಗುಗಳಲ್ಲಿ ವಿವರಿಸುವ ಒಬ್ಬ ಅಧಿಕಾರಿಯನ್ನು ಕೂರಿಸಲಿ. ಸಂಘಗಳು ಅದಕ್ಕಾಗಿ ಒತ್ತಾಯಿಸಲಿ. ಅಲ್ಲಿಯವರೆಗೆ ಪ್ರತಿಯೊಂದು ಮುರಿತಕ್ಕೂ ಮೂರು ಪ್ರಶ್ನೆ ಕೇಳಿ: ಯಾವ ಕಾನೂನಿನಂತೆ? ಯಾರ ಪಾಲು? ಎಲ್ಲಿಗೆ ಹೋಯಿತು? ಉತ್ತರ ಬಾರದಿದ್ದರೆ ಒಬ್ಬರೇ ಕೇಳಬೇಡಿ, ಹತ್ತು ಜನ ಕೂಡಿ ಕೇಳಿ.